ಮರಳುಗಾಡಿನಲ್ಲಿ ನಾನು ಚೆಲ್ಲಿದ ನೀರು

ಸೋಮವಾರದ ಭಜನೆಗೆ ಸೇರುವ ಶರಣ ಬಂಧುಗಳಿಗೆಲ್ಲ ಈರಪ್ಪನ ಶರಣಾರ್ಥಿ. ನನ್ನ ಮರಳುಗಾಡಿನ ಅನುಭವವನ್ನು ನೀವು ನನ್ನ ಬಾಯಿಂದಲೇ ನಾಲ್ಕು ಶ್ರಾವಣ ಕೇಳಿದ್ದೀರಿ. ನೀರಿಲ್ಲದೆ ಒಬ್ಬ ಮನುಷ್ಯ ನಮ್ಮ ಕಣ್ಣೆದುರು ಸಾಯಲು ಬಿದ್ದಿದ್ದ, ನಾನು ಉಳವಿ ಚನ್ನಬಸವಣ್ಣನನ್ನು ಕರೆದೆ, ಅವನು ಓಗೊಟ್ಟ. ಕೇಳಿದವರು ಕಣ್ಣೊರೆಸಿಕೊಂಡಿರಿ. ಹೋದ ವರ್ಷ ನನಗೆ ಶಾಲು ಹೊದಿಸಿದಿರಿ. ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನೀರು ಯಾಕೆ ಇಲ್ಲದಾಯಿತು ಎಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ನೀರು ಚೆಲ್ಲಿದವನು ನಾನು.

ನಾನು ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಕಡಿಸುವ ಮೇಸ್ತ್ರಿ ಎಂಬುದು ನಿಮಗೆ ಗೊತ್ತು. ಕಾಡಿನಲ್ಲಿ ನನ್ನ ಮಾತೇ ಮಾತು. ಆನೆ ಯಾವ ಹೊತ್ತಿಗೆ ದಾಟಿತು, ಕರಡಿ ಎಲ್ಲಿ ಮಲಗಿತ್ತು ಎಂದು ನೆಲ ನೋಡಿ ಹೇಳುತ್ತೇನೆ. ಈ ವಿದ್ಯೆ ಇದ್ದವನಿಗೆ ಜಂಬ ಬರದೆ ಇರುತ್ತದೆಯೇ? ನನಗೆ ಬಂದಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಬಂದಿತ್ತು. ಮಿಲ್ಲು ಶುರುವಾಗಿ ಐದಾರು ವರ್ಷವಾಗಿದ್ದಾಗ ನಮ್ಮ ಆಫೀಸಿನ ಗುಮಾಸ್ತ, ಮಾರವಾಡದ ಮೋಹನಲಾಲ, ತನ್ನ ಮನೆಯವರಿಗೆ ಕಾಡು ತೋರಿಸು ಎಂದು ಕೇಳಿದ. ಒಂದು ದಿನವೆಲ್ಲ ತಿರುಗಿಸಿದೆ. ಹೆಜ್ಜೆಹೆಜ್ಜೆಗೆ ಗದರಿಸಿದೆ. ಅದನ್ನೇ ಅವನು ದೊಡ್ಡ ಉಪಕಾರವೆಂದು ತಿಳಿದು, ಮರುವರ್ಷ ಅಕ್ಷಯ ತದಿಗೆಗೆ ತನ್ನ ತಮ್ಮನ ಮದುವೆಗೆ ನನ್ನನ್ನೂ ನನ್ನ ಮನೆಯವಳು ನೀಲವ್ವನನ್ನೂ ಕರೆದೊಯ್ದ. ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿದವರು ಐದನೆಯ ದಿನ ಜೋಧಪುರದ ಆಚೆ ಅವನ ಹಳ್ಳಿಗೆ ಮುಟ್ಟಿದೆವು.

ಮದುವೆ ಮುಗಿದ ಮೇಲೆ ನಾನು ಹಠ ಹಿಡಿದೆ, ಮರಳುಗಾಡು ನೋಡಲೇಬೇಕು ಎಂದು. ಮೋಹನಲಾಲ ಹಣೆ ಚಚ್ಚಿಕೊಂಡ.

"ಈರಪ್ಪಣ್ಣ, ಈ ಬಿಸಿಲಾಗ ನಮ್ಮ ಮಂದಿನೂ ಹೋಗಂಗಿಲ್ಲ. ಛಳಿಗಾಲಕ್ಕ ಬರ್ರಿ."

"ಕಾಡಿನಾಗ ಹುಟ್ಟಿದಾಂವಗ ಬಿಸಿಲ ತೋರಸ್ತೀಯೇನಪಾ?" ಎಂದೆ.

ಅವನು ರಮಜಾನನೆಂಬ ಒಂಟೆಯವನನ್ನು ಗೊತ್ತುಮಾಡಿಕೊಟ್ಟ. ಅರವತ್ತರ ಸುಮಾರಿನ ಮನುಷ್ಯ, ಕಡ್ಡಿಯಂಥ ಕಾಲು, ಮಾತು ಕಡಿಮೆ. ನಮ್ಮ ದಾಂಡೇಲಿಯ ಸಾಬರ ಜೊತೆ ಆಡಿ ಕಲಿತ ನನ್ನ ಹಿಂದುಸ್ತಾನಿ ಅವನಿಗೆ ತಿಳಿಯುತ್ತಿತ್ತು. ಅವನ ಮಾತುಗಳನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಕೋಳಿ ಕೂಗುವ ಹೊತ್ತಿಗೆ ಹೊರಟೆವು. ನನಗೆ ರಮಜಾನನ ಸ್ವಂತ ಒಂಟೆ, ನೀಲವ್ವನಿಗೆ ಅವನು ಕೇಳಿ ತಂದ ಇನ್ನೊಂದು ಒಂಟೆ, ಹಗ್ಗ ಹಿಡಿದು ಅವನು ಮುಂದೆ ನಡೆಯುತ್ತಿದ್ದ. ಮಧ್ಯಾಹ್ನ ಒಂದು ಮರದಡಿ ತಂಗಿ, ಬಿಸಿಲಿಳಿದ ಮೇಲೆ ಆಚೆಯ ಹಟ್ಟಿಗೆ ಹೋಗಿ, ಅಲ್ಲಿಂದ ತಿರುಗುವುದು ಎಂದು ಅವನೇ ಲೆಕ್ಕ ಹಾಕಿದ್ದ. ಬೆಳಗು ಬಹಳ ಚಂದವಿತ್ತು. ಹೊತ್ತು ಮೂಡುವಾಗ ಮರಳಿನ ದಿಬ್ಬಗಳ ಮೇಲೆ ಗಾಳಿ ಎಳೆದ ಗೆರೆಗಳು ನೇಗಿಲ ಸಾಲಿನಂತೆ ಕಾಣುತ್ತಿದ್ದವು. ರಮಜಾನ ನಿಂತು ನಿಂತು ತೋರಿಸಿದ. ಇದು ಹಾವು ಹೋದ ಗುರುತು, ಇದು ನರಿ, ಇದು ರಾತ್ರಿ ಹಾದುಹೋದ ಓತಿ. ಅವನಿಗೂ ನೆಲ ಓದಲು ಬರುತ್ತಿತ್ತು. ನೀಲವ್ವ ಎಳೆಯ ಹುಡುಗಿಯಂತೆ ಎಲ್ಲವನ್ನೂ ಕೇಳುತ್ತಿದ್ದಳು. ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತಲ್ಲವೇ?

ಮಧ್ಯಾಹ್ನ ಸುತ್ತ ಕಣ್ಣಿಗೆ ಬಿದ್ದ ಒಂದೇ ಮರದಡಿ ಇಳಿದೆವು, ಅದು ನಮ್ಮ ಬನ್ನಿ ಗಿಡದ ಜಾತಿ. ಬೆಳಗಿನ ಗಡಿಬಿಡಿಯಲ್ಲಿ ನನ್ನ ಪೂಜೆ ಆಗಿರಲಿಲ್ಲ. ಲಿಂಗಪೂಜೆಯಾಗದೆ ನಾನು ಬಾಯಿಗೆ ಏನೂ ಹಾಕುವವನಲ್ಲ. ನನ್ನ ಕೈಯಾರೆ ತುಂಬಿ ತಂದ ದೊಡ್ಡ ಮಣ್ಣಿನ ಹೂಜಿ ಇತ್ತು. ಕಾಳಿ ಹೊಳೆಯಲ್ಲಿ ಕುಳಿತವನ ಹಾಗೆ ಕೈ ತೊಳೆದೆ, ಕಾಲು ತೊಳೆದೆ, ಮುಖ ತೊಳೆದೆ, ಧಾರಾಳವಾಗಿ ಪೂಜೆ ಮಾಡಿದೆ. ಉಳಿದದ್ದರಲ್ಲಿ ಒಂದು ತಂಬಿಗೆ ನೀಲವ್ವನಿಗೆಂದು ತುಂಬಿಟ್ಟೆ. ರಮಜಾನ ದೂರ ಕುಳಿತು ನೋಡುತ್ತಿದ್ದ. ದೇವರ ಕೆಲಸ ಎಂದು ಸುಮ್ಮನಿದ್ದನೋ ಏನೋ.

ನಾನು ಊಟಕ್ಕೆ ಗಂಟು ಬಿಚ್ಚಿ ತಿರುಗಿ ನೋಡಿದರೆ, ಅವನು ತನ್ನ ತೊಗಲಿನ ಚೀಲದ ನೀರನ್ನು ನಮ್ಮ ಹೂಜಿಗೆ ಸುರುವುತ್ತಿದ್ದ. "ಮಣ್ಣಿನಾಗ ತಂಪ ಇರತೈತಿ ಸಾಬ. ಬಾಯಿಗೆ ಬಿಸಿ ನೀರು ಬ್ಯಾಡ" ಎಂದು ನಕ್ಕ. ಬಾಯಿ ಎಂದರೆ ಅವರಲ್ಲಿ ಹೆಣ್ಣುಮಗಳಿಗೆ ಗೌರವದ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಪೂಜೆಯ ಹೂಜಿಗೆ ತೊಗಲಿನ ನೀರು!

ಬಂಧುಗಳೇ, ಇಲ್ಲಿ ನಾನು ತೊಗಲಿನ ಮೇಲೆ ತಪ್ಪು ಹಾಕಿ ತಪ್ಪಿಸಿಕೊಳ್ಳಬಹುದು. ತೊಗಲು ನೆಪ. ಸುರುವಿದ ಕೈ ಸಾಬರವನದು ಎಂಬುದನ್ನೇ ನನಗೆ ತಾಳಲಾಗಲಿಲ್ಲ. ಮಿಲ್ಲಿನ ಗೇಟಿನೆದುರು ಚಹಾ ಯಾರು ಕಾಸಿದರೆಂದು ನಾನು ಎಂದೂ ಕೇಳಿದವನಲ್ಲ. ಎಲ್ಲರೂ ಒಂದೇ ಎಂದು ಭಜನೆಯಲ್ಲಿ ತಾಳ ಬಡಿದವನು. ಆ ದಿನದ ಪರೀಕ್ಷೆಯನ್ನು ಯಾರೂ ನೋಡುವವರಿರಲಿಲ್ಲ, ಆಗ ನಾನು ಎಂಥವನೆಂದು ಗೊತ್ತಾಯಿತು.

ರಮಜಾನ ನನ್ನ ಒಂಟೆಯನ್ನು ಮರದ ಬಳಿ ಕಟ್ಟಿ, ಮೇಯಲು ಹೋಗಿದ್ದ ಇನ್ನೊಂದನ್ನು ತರಲು ದಿಬ್ಬದಾಚೆ ಹೋದ. ನೀಲವ್ವ ಮುಖಕ್ಕೆ ಸೆರಗು ಹಾಕಿ ಮಲಗಿದ್ದಳು. ದೂರದಲ್ಲಿ ಒಂದು ಕೆರೆ ಥಳಥಳ ಹೊಳೆಯುತ್ತಿತ್ತು, ದಂಡೆಯ ಗಿಡಗಳ ನೆರಳು ಕೂಡ ಕಾಣುತ್ತಿತ್ತು. ನೀರಿಗೇನು ಬರ ಎಂದುಕೊಂಡು ಹೂಜಿಯನ್ನು ಮರದ ಹಿಂದೆ ಒಯ್ದು ಬರಿದು ಮಾಡಿದೆ. ಬಿಸಿಲ್ಗುದುರೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಕಾಡಿನವನು, ನಾಲ್ಕು ಮಾರು ಆಚೆಗೆ ಕಣ್ಣು ಹಾಯದ ಕಡೆ ಬೆಳೆದವನು, ಅದನ್ನು ಕಣ್ಣಾರೆ ಕಂಡಿರಲಿಲ್ಲ. ಅವನ ಚೀಲದಲ್ಲಿ ಅವನಿಗೆ ನೀರು ಉಳಿದಿರುತ್ತದೆ ಎಂದೂ ತಿಳಿದಿದ್ದೆ. ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ನಮಗೇ ಸುರುವಿದ್ದ.

ರಮಜಾನ ಬಂದು ಬರಿಯ ಹೂಜಿ ನೋಡಿ ನಿಂತುಬಿಟ್ಟ. ನನ್ನ ನಾಲಿಗೆ ತಾನೇ ಹೊರಳಿತು. "ಇಲ್ಲಿ ಕಟ್ಟಿದ್ದ ಒಂಟಿ ಒದ್ದು ಉರುಳಿಸ್ತು" ಎಂದೆ.

ಅವನು ಮರಳು ನೋಡಿದ. ಒಂಟೆಯನ್ನು ನೋಡಿದ. ಆಮೇಲೆ ಎದ್ದು ಕುಳಿತಿದ್ದ ನೀಲವ್ವನ ಕಡೆ ತಿರುಗಿ ಕೈ ಜೋಡಿಸಿದ. "ನನ್ನ ಒಂಟಿ ತಪ್ಪು ಮಾಡೇತಿ. ಮಾಫ್ ಮಾಡ್ರಿ ಬಾಯಿ."

"ಇರ್ಲಿ ಬಿಡಪಾ, ಮೂಕಪ್ರಾಣಿ" ಎಂದಳು ಅವಳು. ನನಗೆ ಎದೆಯ ಭಾರ ಇಳಿದಂತಾಯಿತು. ಅದನ್ನು ನೆನೆದರೆ ಈಗ ಅಸಹ್ಯವಾಗುತ್ತದೆ.

ನೀರಿಲ್ಲದೆ ಅಲ್ಲಿ ಕುಳಿತಿರುವಂತಿರಲಿಲ್ಲ. ಬಿಸಿಲಿಳಿಯುವ ಮೊದಲೇ ಹಟ್ಟಿಯ ಕಡೆ ಹೊರಡಬೇಕಾಯಿತು. ನಾನು ಕೆರೆಯ ಕಡೆ ಕೈ ಮಾಡಿದಾಗ ರಮಜಾನ ಅದು ನೀರಲ್ಲ ಎಂದಷ್ಟೇ ಹೇಳಿದ. ಒಂದು ತಾಸು ನಡೆದಿರಬೇಕು, ಕೆಂಪಗೆ ಗಾಳಿ ಎದ್ದಿತು. ಒಂಟೆಗಳನ್ನು ಕೂರಿಸಿ ಅವುಗಳ ಮಗ್ಗುಲಲ್ಲಿ ಮುಖ ಹುದುಗಿಸಿ ಬಿದ್ದುಕೊಂಡೆವು. ಗಾಳಿ ನಿಂತಾಗ ಇದ್ದ ದಿಬ್ಬ ಇರಲಿಲ್ಲ, ದಾರಿಯ ಗುರುತು ಒಂದೂ ಉಳಿದಿರಲಿಲ್ಲ. ಅವನು ಅತ್ತ ಇತ್ತ ನಡೆದು ಹುಡುಕತೊಡಗಿದ. ನಾವು ಒಂಟೆಯ ಮೇಲೆ, ಅವನು ಸುಡುವ ಮರಳಿನ ಮೇಲೆ.

ನೀಲವ್ವ ತಂಬಿಗೆಯನ್ನು ಮೊದಲು ಅವನಿಗೆ ಚಾಚಿದಳು. "ನನಗ ರೂಢಿ ಐತಿ, ನೀವು ಕುಡೀರಿ ಬಾಯಿ" ಎಂದ. ಅವಳು ಎರಡು ಗುಟುಕು ಕುಡಿದು ನನ್ನ ಕೈಗೆ ಕೊಟ್ಟಳು. ಉಳಿದದ್ದನ್ನೆಲ್ಲ ನಾನು ಕುಡಿದೆ. ಇದನ್ನೂ ನಾನು ನಿಮಗೆ ಹೇಳಿರಲಿಲ್ಲ.

ಅದಾಗಿ ಸ್ವಲ್ಪ ಹೊತ್ತಿಗೆ ಅವನ ಕೈಯಿಂದ ಹಗ್ಗ ಜಾರಿತು. ಮೊದಲು ಮೊಳಕಾಲೂರಿದ, ಆಮೇಲೆ ಮಗ್ಗುಲಾದ. ಇಳಿದು ಮುಟ್ಟಿದರೆ ಮೈ ಹಂಚಿನಂತೆ ಕಾದಿತ್ತು, ಬೆವರು ಒಂದು ಹನಿ ಇರಲಿಲ್ಲ. ತುಟಿ ಒಡೆದು ನಾಲಿಗೆ ಹೊರಬಂದಿತ್ತು. ನೀಲವ್ವ ತಂಬಿಗೆ ಬೋರಲು ಹಾಕಿ ಅವನ ಬಾಯಿಯ ಮೇಲೆ ಹಿಡಿದಳು. ಏನೂ ಬೀಳಲಿಲ್ಲ. "ಏನರೆ ಮಾಡ್ರಿ, ಈ ಮುದುಕ ಹೊಂಟ ನೋಡ್ರಿ" ಎಂದು ಅತ್ತಳು.

ಆಗ ನಾನು ಚನ್ನಬಸವಣ್ಣನನ್ನು ಕರೆದೆ. ನಿಮ್ಮ ಮುಂದೆ ಹೇಳುವಾಗ ನಮ್ಮನ್ನು ಕಾಯಪ್ಪಾ ಎಂದು ಬೇಡಿದೆ ಎನ್ನುತ್ತಿದ್ದೆ. ನಾನು ಮನಸ್ಸಿನಲ್ಲಿ ಬೇಡಿದ್ದು ಬೇರೆ. ತಂದೇ, ಇವನ ನೀರು ನಾನು ಚೆಲ್ಲಿದೆ. ಇವನನ್ನು ಉಳಿಸು. ಉಳಿಸಿದರೆ ಶರಣರ ಮುಂದೆ ನಿಂತು ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ. ಇದು ನನ್ನ ಹರಕೆ.

ಅವನನ್ನು ಎತ್ತಿ ನನ್ನ ಒಂಟೆಯ ಮೇಲೆ ಮುಂದೆ ಹಾಕಿಕೊಂಡೆ. ನಾನು ಹೊತ್ತು ಮುಳುಗುವ ಕಡೆ ಹಗ್ಗ ಜಗ್ಗಿದೆ. ಒಂಟೆ ಕತ್ತು ತಿರುಗಿಸಿ ಬೇರೆ ಕಡೆ ಹೆಜ್ಜೆ ಹಾಕಿತು. ನಾನು ಸುಳ್ಳು ದೂರು ಹೊರಿಸಿದ ಒಂಟೆಯೇ ಅದು. ಮತ್ತೆ ಜಗ್ಗಿದೆ, ಹೊಡೆದೆ.

ನೀಲವ್ವ ಹಿಂದಿನಿಂದ ಕೂಗಿದಳು. "ಬಿಡ್ರೀ ಅದರ ಪಾಡಿಗೆ! ನಿಮಗೇನ್ ಗೊತ್ತೈತಿ ಇಲ್ಲಿ? ಅದಕ್ಕ ತನ್ನ ನೀರಿನ ಜಾಗಾ ಗೊತ್ತಿರತೈತಿ."

ಬದುಕಿನಲ್ಲಿ ಮೊದಲ ಸಲ ನಾನು ಹಗ್ಗ ಬಿಟ್ಟೆ. ಎಷ್ಟು ಹೊತ್ತು ನಡೆಯಿತೋ ತಿಳಿಯದು. ಇನ್ನೂ ಬೆಳಕಿರುವಾಗಲೇ ನಾಲ್ಕು ದುಂಡು ಗುಡಿಸಲು ಕಂಡವು, ನಡುವೆ ಮಳೆನೀರು ಕೂಡಿಡುವ ಮುಚ್ಚಿದ ಹೊಂಡ. ಒಬ್ಬ ಮುದುಕಿ ಓಡಿಬಂದು ಬೀಗ ತೆಗೆದು ನೀರು ಸೇದಿದಳು. ಅರಿವೆ ಅದ್ದಿ ಅವನ ತುಟಿಗೆ ಹನಿಹನಿಯಾಗಿ ಹಿಂಡಿದಳು. ಅವನ ಗಂಟಲು ಒಮ್ಮೆ ಅಲುಗಿತು. ಅದನ್ನು ಕಂಡು ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಅಲ್ಲಿಂದ ಒಂಟೆಗಾಡಿಯಲ್ಲಿ ಸಡಕಿಗೆ ಒಯ್ದೆವು. ಬಸ್ಸು ಹೋಗಿಬಿಟ್ಟಿತ್ತು. ಉಣ್ಣೆ ಹೇರಿದ ಲಾರಿಯೊಂದು ನಿಂತು, ಆಸ್ಪತ್ರೆ ಇದ್ದ ಊರಿಗೆ ಮುಟ್ಟಿಸಿತು. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಡಾಕ್ಟರು ಬೈದರು, ಈ ಬಿಸಿಲಲ್ಲಿ ನೀರಿಲ್ಲದೆ ಯಾಕೆ ಹೋದಿರಿ ಎಂದು. ಒಂಟೆ ಒದ್ದಿತು ಎಂದೆ. ಸುದ್ದಿ ತಿಳಿದು ಓಡಿಬಂದ ಮೋಹನಲಾಲನಿಗೂ ಅದನ್ನೇ ಹೇಳಿದೆ.

ಮೂರನೆಯ ದಿನ ರಮಜಾನ ಎದ್ದು ಕುಳಿತ. ಗಂಜಿ ಕೊಡಲು ಹೋದಾಗ ನಾವಿಬ್ಬರೇ ಇದ್ದೆವು. ಅವನು ಮೆಲ್ಲಗೆ ಹೇಳಿದ, "ಹೂಜಿ ಇದ್ದಲ್ಲಿ ಒಂಟಿ ಹೆಜ್ಜಿ ಇರಲಿಲ್ಲ ಸಾಬ. ಗಿಡದ ಹಿಂದ ಮರಳ ಹಸಿ ಇತ್ತು, ನಿಮ್ಮ ಹೆಜ್ಜಿ ಇದ್ವು. ಬಾಯಿ ಮುಂದ ನಿಮ್ಮ ಮರ್ಯಾದಿ ಹೋಗಬಾರದು ಅಂತ ಸುಮ್ಮನಿದ್ದೆ."

ಭೂಮಿ ಬಾಯಿ ತೆರೆದಿದ್ದರೆ ಇಳಿದುಹೋಗುತ್ತಿದ್ದೆ. ನೆಲ ಓದುವ ಮೇಸ್ತ್ರಿಗೆ, ಇನ್ನೊಬ್ಬನೂ ನೆಲ ಓದುತ್ತಾನೆ ಎಂಬುದು ಮರೆತೇ ಹೋಗಿತ್ತು. ಎಲ್ಲ ಗೊತ್ತಿದ್ದೇ ಆ ಮನುಷ್ಯ ತಂಬಿಗೆಯ ನೀರನ್ನು ನಮಗೆ ಬಿಟ್ಟಿದ್ದ. ಆಮೇಲೆ ತಪ್ಪಿಸಿಕೊಳ್ಳಲು ನನಗೆ ಅವನೇ ದಾರಿ ಮಾಡಿಕೊಟ್ಟ. "ತೊಗಲಿನ ನೀರು ಹೊಸಬರಿಗೆ ವಾಸನಿ ಹೊಡಿತೈತಿ. ಅದಕ್ಕ ಚೆಲ್ಲೀರಿ, ಅಲ್ಲೇನ್ರಿ?"

"ಹೌದು, ವಾಸನಿ ಬಂತು" ಎಂದೆ. ಪ್ರಾಣ ಒತ್ತೆಯಿಟ್ಟು ಕಾಯ್ದವನಿಗೂ ನಿಜ ಹೇಳಲಿಲ್ಲ ನಾನು.

ಊರಿಗೆ ಬಂದ ಮೇಲಿನ ಮೊದಲ ಶ್ರಾವಣ ಸೋಮವಾರ ಹೇಳಿಯೇ ಬಿಡಬೇಕೆಂದು ನಿಮ್ಮ ಮುಂದೆ ಎದ್ದು ನಿಂತೆ. ಆ ಮಾತು ಬಂದಾಗ ಹಾರಿ ಮುಂದಕ್ಕೆ ಹೋದೆ. ನೀವೆಲ್ಲ ಕಣ್ಣೀರು ಹಾಕಿದಿರಿ. ಮರುವರ್ಷ ಹಾರುವುದು ಇನ್ನೂ ಸಲೀಸಾಯಿತು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ಕೂಡ ರೂಢಿಯಾಯಿತು.

ಹೋದ ವಾರ ಮೋಹನಲಾಲ ಊರಿಗೆ ಹೋಗಿ ಬಂದ. ರಮಜಾನ ಹೇಗಿದ್ದಾನೆ ಎಂದು ಕೇಳಿದೆ. "ಅದಾನ. ಆದ್ರ ಆ ಒಂಟಿ ಮಾರಿಬಿಟ್ಟಾನ ಈರಪ್ಪಣ್ಣ. ನೀರಿನ ಹೂಜಿ ಒದ್ದ ಒಂಟಿ ಅಂತ ಹೆಸರ ಬಿತ್ತಲ್ಲ, ಯಾರೂ ಬಾಡಿಗಿಗೆ ಕರೀವಲ್ರು. ಕೊಂಡಾಂವ ಭಾರ ಹೊರಸ್ಲಿಕ್ಕೆ ಒಯ್ದ. ಈಗ ಮುದುಕ ಮಂದಿ ಕುರಿ ಕಾಯ್ತಾನ" ಎಂದ. ರಮಜಾನ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಹೆಸರು ಹೇಳಿದ್ದರೆ ಅವನ ಒಂಟೆಯ ಹೆಸರು ಉಳಿಯುತ್ತಿತ್ತು. ನಾಲ್ಕು ವರ್ಷ ಬಾಯಿ ಬಿಟ್ಟಿಲ್ಲ.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನಿನ್ನೆ ನೀಲವ್ವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ, ಶರಣರಿಗೂ ಬರೆದು ಹೇಳುತ್ತೇನೆ ಎಂದೆ.

"ನಾನೂ ಓಣಿ ಮಂದಿ ಮುಂದೆಲ್ಲ ಆ ಒಂಟೀನ್ನ ಬೈದೇನಲ್ರೀ" ಎಂದಳು. ಆಮೇಲೆ ಹೇಳಿದಳು, "ಇಲ್ಲಿ ಹೇಳಿದ್ರ ಅವಗೇನ್ ಬಂತು? ಅವನ ಊರಾಗ ಹೇಳ್ರಿ, ಅಲ್ಲಿ ಮಂದಿ ಕೂಡಿಸಿ ಹೇಳ್ರಿ. ನಾನೂ ಬರ್ತೇನಿ."

ಚನ್ನಬಸವಣ್ಣ ನನ್ನ ಮೊರೆ ಕೇಳಿದ್ದು ಸತ್ಯ. ಪಾಪಿಯ ಮೊರೆ ಎಂದು ತಳ್ಳಲಿಲ್ಲ, ಒಬ್ಬ ಒಳ್ಳೆಯ ಮನುಷ್ಯನನ್ನು ಉಳಿಸಿಕೊಟ್ಟ. ಅವನ ಮೇಲಿನ ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ, ಯಾಕೆಂದರೆ ನಾನು ಮಾತು ತಪ್ಪಿದರೂ ಅವನು ಕೈ ಬಿಡದೆ ಈ ದಿನದ ತನಕ ಕಾದ. ಹರಕೆಯಲ್ಲಿ ನಿಮ್ಮ ಪಾಲಿನದು ಇಂದಿಗೆ ತೀರಿತು. ದೊಡ್ಡ ಪಾಲು ಅಲ್ಲಿದೆ. ಮೋಹನಲಾಲನಿಗೆ ಹೇಳಿದ್ದಾಯಿತು, ಮಿಲ್ಲಿನಲ್ಲಿ ರಜೆ ಸಿಕ್ಕಿದೆ. ಭಾನುವಾರ ಮುಂಜಾನೆಯ ಹಳಿಯಾಳದ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ಸೋಮವಾರ ನೀವು ಇದನ್ನು ಓದಿಸುವ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ. ನನಗಾಗಿ ಬೇಡುವುದಾದರೆ ಇಷ್ಟನ್ನೇ ಬೇಡಿ ಬಂಧುಗಳೇ, ಆ ಊರಿನ ಮಂದಿಯ ನಡುವೆ ರಮಜಾನನ ಮುಖ ನೋಡಿದಾಗ, ನೀರು ಯಾಕೆ ಚೆಲ್ಲಿದೆನೆಂದು ಅವನು ಮತ್ತೊಮ್ಮೆ ಕೇಳಿದರೆ, ವಾಸನೆ ಬಂತು ಎಂದು ನಾನು ಹೇಳದಿರಲಿ.