ಇಲ್ಲದ ಕೇಸಿನ ತಾರೀಖುಗಳು

ಒಂದು ಸೋಮವಾರ ಬೆಳಿಗ್ಗೆ ಎಡಗಾಲಿಗೆ ಬೂಟು ಹಾಕಿಕೊಂಡೆ. ಬಲಗಾಲಿನದು ಕೈಯಲ್ಲಿತ್ತು. ಅದನ್ನು ಹಾಕಿಕೊಳ್ಳಲಿಲ್ಲ.

ಹಾಕಿಕೊಳ್ಳಬಾರದು ಅಂತ ನಿರ್ಧಾರವೇನೂ ಆಗಿರಲಿಲ್ಲ. ಮಂಚದ ತುದಿಗೆ ಕೂತಿದ್ದೆ, ಅಷ್ಟೇ. ಎಂಟೂವರೆಗೆ ಕೂತವನು ಕಾರ್ಖಾನೆಯಲ್ಲಿ ಊಟದ ಭೋಂಗಾ ಕೂಗುವ ಹೊತ್ತಿಗೂ ಹಾಗೇ ಇದ್ದೆ. ಎಡಗಾಲು ಡ್ಯೂಟಿಗೆ ಹೊರಟು ನಿಂತಿತ್ತು. ಬಲಗಾಲು ಯಾರಿಗೂ ಹೇಳದೆ ರಜೆ ಹಾಕಿತ್ತು.

ಆಮೇಲೆ ಎಡಗಾಲಿನ ಬೂಟನ್ನೂ ಬಿಚ್ಚಿದೆ. ಮಲಗಿದೆ.

ನಾನು ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ವಾಷರ್, ಬೇರಿಂಗು ಎಂಬ ಪ್ರಜೆಗಳ ಮೇಲೆ ಇಪ್ಪತ್ತೆರಡು ವರ್ಷ ನಿಷ್ಪಕ್ಷಪಾತವಾಗಿ ರಾಜ್ಯಭಾರ ಮಾಡಿದವನು. ವಯಸ್ಸು ನಲವತ್ತೇಳು. ಮದುವೆ ಆಗಿಲ್ಲ, ಯಾಕೆ ಅಂತ ಕೇಳುತ್ತಿದ್ದವರೂ ಈಗ ದಣಿದಿದ್ದಾರೆ. ಹುಬ್ಬಳ್ಳಿಯ ಹಳೇ ಓಣಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದೇನೆ. ನಡುಗೋಡೆಯ ಆಚೆ ಮನೆಯ ಮಾಲಕಿ ಗಂಗಕ್ಕ. ಆಕೆಯ ಒಗ್ಗರಣೆಯ ಸಪ್ಪಳ ನನಗೆ ಕೇಳುತ್ತದೆ, ನನ್ನ ಕೆಮ್ಮು ಆಕೆಗೆ ಕೇಳುತ್ತದೆ. ನಮ್ಮ ಸಂಬಂಧ ಅಷ್ಟಕ್ಕೇ ನಿಂತಿತ್ತು.

ಸೋಮವಾರದ್ದು ಮಂಗಳವಾರವೂ ಆಯಿತು. ಆಮೇಲೆ ವಾರಗಳ ಹೆಸರೇ ಬೇಡವಾಯಿತು. ಕೆಲವು ದಿನ ಹೇಗೋ ಕಾರ್ಖಾನೆಗೆ ಹೋಗುತ್ತಿದ್ದೆ. ಬೇರಿಂಗ್ ಕೇಳಿದರೆ ಬೇರಿಂಗಿನ ಕಪಾಟಿನ ಮುಂದೆ ನಿಂತು, ಯಾಕೆ ಬಂದೆ ಅಂತ ಯೋಚಿಸುತ್ತಿದ್ದೆ. ಸ್ನಾನ ಬಿಟ್ಟಿತು. ದಾಡಿ ಬಂತು. ರೊಟ್ಟಿ ಬಾಯಲ್ಲಿ ರಟ್ಟಿನ ಹಾಗೆ ಆಯಿತು. ದುಃಖವೇ ಅಂದರೆ, ಅಲ್ಲ. ದುಃಖ ಬಂದಾಗ ಯಾರೋ ಬಂದಂತಾದರೂ ಇರುತ್ತದೆ. ಇದು ಬಾಡಿಗೆದಾರರು ಸಾಮಾನು ಹೊತ್ತುಕೊಂಡು ಹೋದಮೇಲೆ ಖಾಲಿ ಖೋಲಿಯ ಗೋಡೆಯಲ್ಲಿ ಕ್ಯಾಲೆಂಡರು ತೂಗುಹಾಕಿದ್ದ ಜಾಗವೊಂದೇ ಬೆಳ್ಳಗೆ ಕಾಣುತ್ತದಲ್ಲ, ಹಾಗಿತ್ತು. ಆ ಬೆಳ್ಳನೆಯ ಚೌಕದಲ್ಲಿ ನಾನು ಕೂತಿದ್ದೆ.

ಓಣಿಯ ಡಾಕ್ಟರು ಬಿ.ಪಿ. ನೋಡಿದರು. ಶುಗರ್ ನೋಡಿದರು. ಥೈರಾಯ್ಡ್ ಅಂತ ಇನ್ನೊಂದಿಷ್ಟು ರಕ್ತ ತೆಗೆಸಿದರು. ಎಲ್ಲ ನಾರ್ಮಲ್. ಇಷ್ಟು ನಿರ್ದೋಷಿ ರಿಪೋರ್ಟು ಅವರೂ ಬಹಳ ದಿನ ನೋಡಿರಲಿಕ್ಕಿಲ್ಲ. ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು:

"ಚನ್ನಬಸಪ್ಪನವರ, ಒಮ್ಮೆ ಧಾರವಾಡಕ್ಕ ಹೋಗಿ ಬರ್ರಿ."

ಧಾರವಾಡಕ್ಕೆ.

ಬೇರೆ ಸೀಮೆಯವರಿಗೆ ಇದರಲ್ಲಿ ಎದೆ ಒಡೆದುಕೊಳ್ಳುವಂಥದ್ದು ಕಾಣಲಿಕ್ಕಿಲ್ಲ. ಬಸ್ಸಿನಲ್ಲಿ ಮುಕ್ಕಾಲು ತಾಸು. ಆದರೆ ನಮ್ಮ ಕಡೆಯ ಹುಚ್ಚರ ದವಾಖಾನೆ ಇರುವುದು ಅಲ್ಲಿ. ಹಾಗಾಗಿ "ಇವನ್ನ ಧಾರವಾಡಕ್ಕ ಕಳಸ್ರಿ" ಅಂದರೆ ಇವನಿಗೆ ತಲೆ ಕೆಟ್ಟಿದೆ ಅಂತಲೇ ಅರ್ಥ. ಎರಡಿಂಚಿನ ಬೋಲ್ಟಿಗೆ ಚೀಟಿ ಬರೆದು ಮೂರಿಂಚಿನದು ಕೇಳಿದವರಿಗೆಲ್ಲ ನಾನು ಆ ಮಾತು ಹೇಳಿ ನಗಿಸಿದ್ದೇನೆ. ಇಪ್ಪತ್ತೆರಡು ವರ್ಷ ಊರೆಲ್ಲ ತಿರುಗಿ, ಕೊನೆಗೆ ಅದು ನನ್ನದೇ ವಿಳಾಸ ಕೇಳಿಕೊಂಡು ಬಂತು.

ನಾನು ಹೋದದ್ದು ದೊಡ್ಡ ದವಾಖಾನೆಗಲ್ಲ, ಒಂದು ಮಹಡಿಯ ಮೇಲಿದ್ದ ಸೈಕಿಯಾಟ್ರಿಸ್ಟ್ ಮೇಡಂ ಅವರ ಕ್ಲಿನಿಕ್ಕಿಗೆ. ನನಗಿಂತ ಸಣ್ಣವರು. ನಿದ್ದೆ, ಊಟ, ಕೆಲಸ ಎಲ್ಲ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು:

"ಜೀವ ಬ್ಯಾಡ ಅನಸ್ತದೇನ್ರಿ?"

"ಬ್ಯಾಡ ಅನ್ನಾಕೂ ಒಂದಿಷ್ಟು ಹುರುಪು ಬೇಕಲ್ರಿ ಮೇಡಂ."

ಅವರು ನಗಲಿಲ್ಲ. ಬರೆದುಕೊಂಡರು. ನನ್ನ ಹಾಸ್ಯವನ್ನು ಯಾರಾದರೂ ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಬಹಳ ದಿನದ ಮೇಲೆ.

"ಇದಕ್ಕ ಡಿಪ್ರೆಶನ್ ಅಂತಾರ್ರಿ. ಹುಚ್ಚಲ್ಲ, ಸೋಮಾರಿತನಾನೂ ಅಲ್ಲ."

"ಕಾರಣ ಏನ್ರಿ?"

"ಎಲ್ಲಾರಿಗೂ ಕಾರಣ ಸಿಗೂದಿಲ್ರಿ. ಕಾರಣ ಸಿಗಲಿಲ್ಲಂತ ಔಷಧ ನಿಲ್ಲಸೂದಿಲ್ಲ."

ಒಂದು ಗುಳಿಗೆ ಬರೆದರು. ಕೆಲಸ ಮಾಡಲು ಮೂರ್ನಾಲ್ಕು ವಾರ ಬೇಕು, ನಡುವೆ ಬಿಡಬಾರದು. ಇನ್ನು ಪಥ್ಯ: ಆರಕ್ಕೆ ಏಳಬೇಕು, ನಿದ್ದೆ ಬಂದಿರಲಿ ಬಿಡಲಿ. ಚಹಾಕ್ಕೆ ಮೊದಲು ಸ್ನಾನ. ಒಂದು ಪದಾರ್ಥ ಕೈಯಾರೆ ಮಾಡಿ ತಿನ್ನಬೇಕು. ದಿನಕ್ಕೆ ಒಬ್ಬರ ಸಂಗಡವಾದರೂ ಮಾತಾಡಬೇಕು. ಮಲಗುವ ಮೊದಲು ಒಂದು ಸಾಲು ಬರೆಯಬೇಕು.

"ಏನನಿಸ್ತು ಅಂತ ಬರೀಬ್ಯಾಡ್ರಿ. ಏನು ಮಾಡಿದೆ ಅಂತ ಬರೀರಿ. ಮುಂದಿನ ಸಲ ಮನಿಯವರನ್ನ ಯಾರನ್ನರ ಕರಕೊಂಡು ಬರ್ರಿ."

"ಯಾರೂ ಇಲ್ರಿ."

ಇದು ಮೊದಲ ಸುಳ್ಳು. ನಮ್ಮ ಹಳ್ಳಿ ಹೆಬ್ಬಳ್ಳಿಯಲ್ಲಿ ನನ್ನ ಅಣ್ಣ ಈರಪ್ಪ ಇದ್ದಾನೆ. ಹಿರಿಯರ ಹೊಲ ಅವನೇ ಮಾಡುತ್ತಾನೆ. ಅವನ ಮಗಳು ಶೋಭಾಳಿಗೆ ಆಗಷ್ಟೇ ಒಂದು ಸಂಬಂಧ ಕೂಡಿ ಬಂದಿತ್ತು. ಕಾಳಿನ ವ್ಯಾಪಾರದ ಮನೆತನ, ಹುಡುಗ ಒಳ್ಳೆಯವನು. ಹುಡುಗಿಯ ಕಾಕಾ ಧಾರವಾಡಕ್ಕೆ ಹೋಗಿ ತೋರಿಸಿಕೊಳ್ಳುತ್ತಿದ್ದಾನೆ ಅಂತ ತಿಳಿದರೆ ಆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ತಿಳಿಯಬಾರದು. ತಿಳಿಯದಿರಬೇಕಾದರೆ ನನಗೆ ಯಾರೂ ಇರಬಾರದು.

ಎರಡನೇ ಸುಳ್ಳು ಅಂದೇ ಸಂಜೆ ನಳದ ಹತ್ತಿರ ಹುಟ್ಟಿತು. ಗಂಗಕ್ಕ ಕೊಡ ತುಂಬುತ್ತಿದ್ದಳು.

"ಎಲ್ಲಿಗೆ ಹೋಗಿದ್ರಿ, ಇಸ್ತ್ರಿ ಅಂಗಿ ಹಾಕ್ಕೊಂಡು?"

"ಧಾರವಾಡಕ್ಕ."

ಕೊಡ ತುಂಬಿ ಹೊರಚೆಲ್ಲಿತು. ಆಕೆ ನನ್ನನ್ನೇ ನೋಡುತ್ತಿದ್ದಳು.

"ಕೋರ್ಟಿಗ್ರಿ," ಅಂದೆ. "ಹೊಲದ್ದೊಂದು ಕೇಸೈತಿ."

ಎಂಥ ಗೌರವಸ್ಥ ಸುಳ್ಳು ನೋಡಿ! ಜಿಲ್ಲಾ ಕೋರ್ಟು ಇರುವುದೂ ಅಲ್ಲೇ. ಧಾರವಾಡದಲ್ಲಿ ಒಂದು ಕೇಸು ಇಲ್ಲದವನು ನಮ್ಮ ಕಡೆ ಮನುಷ್ಯನೇ ಅಲ್ಲ. ಓಣಿಯಲ್ಲಿ ನನ್ನ ತೂಕ ಹೆಚ್ಚಿತು. ದಾಡಿಗೂ, ಇಳಿದ ಮುಖಕ್ಕೂ ಕಾರಣ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಕ್ಲಿನಿಕ್ಕಿನಿಂದ ಬಂದಾಗ "ಕೇಸ್ ಎಲ್ಲಿಗೆ ಬಂತ್ರಿ?" ಅನ್ನುವರು. "ತಾರೀಖು ಬಿತ್ತು" ಅನ್ನುವೆ. ಒಬ್ಬರು ವಕೀಲರ ಹೆಸರು ಕೊಟ್ಟರು, ಇನ್ನೊಬ್ಬರು ರಾಜಿ ಮಾಡಿಕೊಳ್ಳಿ ಅಂದರು. ಇಲ್ಲದ ಕೇಸಿಗೆ ಓಣಿ ತುಂಬ ಜನ ಇದ್ದರು.

ನನಗೆ ಯಾರೂ ಇರಲಿಲ್ಲ.

ಮೂರನೇ ಸಲದ ತಾರೀಖಿಗೆ ನಾನು ಧಾರವಾಡ ಮುಟ್ಟಲೇ ಇಲ್ಲ. ಬಸ್ಸು ನಡುದಾರಿಯ ರಾಯಾಪುರದಲ್ಲಿ ನಿಂತಾಗ ಯಾರೋ ಇಳಿದರು, ಅವರ ಹಿಂದೆ ನಾನೂ ಇಳಿದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ರಸ್ತೆ ಬದಿಯ ಕಟ್ಟೆಯ ಮೇಲೆ ಎರಡು ತಾಸು ಕೂತೆ. ಆಚೆಯಿಂದ ಬಂದ ಬಸ್ಸುಗಳು ಈಚೆ ಹೋದವು, ಈಚೆಯಿಂದ ಬಂದವು ಆಚೆ ಹೋದವು. ಪ್ರತಿಯೊಂದರಲ್ಲೂ ಜನ ತಮಗೆ ಎಲ್ಲಿ ಇಳಿಯಬೇಕು ಅಂತ ಖಚಿತವಾಗಿ ಗೊತ್ತಿದ್ದವರ ಹಾಗೆ ಕೂತಿದ್ದರು. ಎರಡೂ ಊರಿಗೆ ಬೇಡವಾದ ಜಾಗದಲ್ಲಿ ನಾನೊಬ್ಬ. ಕೊನೆಗೆ ಹುಬ್ಬಳ್ಳಿ ಬಸ್ಸು ಹತ್ತಿದೆ. ಆ ದಿನದ ಸಾಲು: "ರಾಯಾಪುರಕ್ಕೆ ಹೋಗಿ ಬಂದೆ."

ಗಂಗಕ್ಕನಿಗೆ ಮಾತ್ರ ಹಳೆಯದನ್ನೇ ಹೇಳಿದೆ: ತಾರೀಖು ಬಿತ್ತು.

ಗಂಗಕ್ಕನ ತವರು ಹೆಬ್ಬಳ್ಳಿಯ ಪಕ್ಕದ ಊರು ಅನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಕೆ ಹಬ್ಬಕ್ಕೆ ಹೋದಳು. ನನ್ನ ಕೇಸೂ ಆಕೆಯ ಸಂಗಡ ಹೋಯಿತು. ಚನ್ನಬಸಪ್ಪನಿಗೆ ಹೊಲದ ಕೇಸು. ಚನ್ನಬಸಪ್ಪನಿಗೆ ಇರುವುದು ಒಂದೇ ಹೊಲ. ಆ ಹೊಲದಲ್ಲಿ ಇರುವವನು ಅಣ್ಣ. ಜನ ಕೂಡಿಸಿ ನೋಡಿದರು. ಬೀಗರಾಗಬೇಕಾದವರಿಗೂ ಮುಟ್ಟಿತು: ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ.

ಈರಪ್ಪಣ್ಣ ಒಂದು ಮಧ್ಯಾಹ್ನ ಬಂದ. ಚಪ್ಪಲಿ ಬಿಚ್ಚಲಿಲ್ಲ.

"ಏನೋ ಸಾಹೇಬಾ, ನನ್ನ ಮ್ಯಾಲ ಕೇಸ್ ಹಾಕೀಯಂತ? ಹೊಲ ಬೇಕಾದ್ರ ಬಾಯಿಬಿಟ್ಟು ಕೇಳಬೇಕಿತ್ತಲ್ಲೋ! ನಾಳೆ ಬಿಟ್ಟುಕೊಡತಿದ್ದೆ. ಬೀಗರು ಮಾತ ನಿಲ್ಲಿಸ್ಯಾರ. ನಿಮ್ಮ ವೈನಿ ಮೂರು ದಿನ ಆತು ಅಳಾಕತ್ತಾಳ!"

"ಕೇಸಿಲ್ಲ, ಅಣ್ಣಾ."

"ಮತ್ತ ಹದಿನೈದು ದಿನಕ್ಕೊಮ್ಮೆ ಧಾರವಾಡದಾಗ ಏನ್ ಮಾಡ್ತಿ?"

ಹೇಳಿದೆ. ಗುಳಿಗೆಯ ಚೀಟಿ ತೋರಿಸಿದೆ, ಆರಕ್ಕೆ ಏಳುವ ಪಥ್ಯವನ್ನೂ ಹೇಳಿದೆ.

"ಧಾರವಾಡಕ್ಕಾ?" ಅಂದ ಅಣ್ಣ. ಹೊಲದಲ್ಲಿ ಎತ್ತು ಕೂಗಿ ಬೆಳೆದ ಗಂಟಲು. ಆ ಕಡೆ ನಾಲ್ಕು ಮನೆಗೆ, ಈ ಕಡೆ ನಾಲ್ಕು ಮನೆಗೆ ಕೇಳಿಸಿತು. ಮೂರು ತಿಂಗಳ ನನ್ನ ಗುಪ್ತ ಕಾರ್ಯಾಚರಣೆ ಒಂದೇ ಶಬ್ದಕ್ಕೆ ಮುಗಿಯಿತು.

ಆಮೇಲೆ ಅವನು ಚಪ್ಪಲಿ ಬಿಚ್ಚಿದ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದಕ್ಕಿಂತ ನೀ ಕೇಸ್ ಹಾಕಿದ್ರ ಛಲೋ ಇತ್ತು," ಅಂದ. "ಅದಕ್ಕರ ನಾ ವಕೀಲನ್ನ ಹಿಡೀತಿದ್ದೆ. ಬೀಗರಿಗೆ ಏನ್ ಹೇಳಲಿ?"

"ಕಿಡ್ನ್ಯಾಗ ಹರಳು ಅಂತ ಹೇಳು."

"ಸಾಕ್ ಬಿಡೋ ಮಾರಾಯಾ. ಒಂದು ಸುಳ್ಳಿಗೆ ನನ್ನ ಹೊಲ ಹೋಗೂದಿತ್ತು. ಇನ್ನೊಂದಕ್ಕ ನಿನ್ನ ಕಿಡ್ನಿ ಕೊಡಲೇನು?"

ಅವನು ಹೋಗಿ ಇದ್ದದ್ದು ಇದ್ದಂಗೆ ಹೇಳಿದ. ತಮ್ಮನಿಗೆ ಡಿಪ್ರೆಶನ್ ಐತಿ, ಔಷಧ ನಡದೈತಿ, ಕೇಸು ಗೀಸು ಏನಿಲ್ಲ.

ಅವರು ಸಂಬಂಧ ಬೇಡ ಅಂದರು.

ಆ ವಾರ ನಾನು ಏನೂ ಬರೆಯಲಿಲ್ಲ. ಏನೂ ಮಾಡಿರಲಿಲ್ಲ. ಗುಳಿಗೆ ನುಂಗಿದೆನೋ ಇಲ್ಲವೋ ನೆನಪಿಲ್ಲ. ಯಾವುದು ಆಗಬಾರದು ಅಂತ ಅಷ್ಟು ಸುಳ್ಳು ಕಟ್ಟಿದ್ದೆನೋ ಅದೇ ಆಗಿತ್ತು, ನನ್ನಿಂದಲೇ. ಕೆಟ್ಟ ದಿನಗಳಲ್ಲಿ ಅತಿ ಕೆಟ್ಟವು ಅವು. ಅವುಗಳ ಬಗ್ಗೆ ಹಾಸ್ಯ ಮಾಡಲು ನನಗೆ ಇನ್ನೂ ಬಂದಿಲ್ಲ.

ಒಂದು ಬೆಳಿಗ್ಗೆ ಗೋಡೆ ಬಡಿದ ಸಪ್ಪಳವಾಯಿತು. ಆರು ಗಂಟೆ. ಮೂರು ಪೆಟ್ಟು, ಲಟ್ಟಣಿಗೆಯದು. ಸುಮ್ಮನಿದ್ದೆ. ಮತ್ತೆ ಮೂರು.

"ಚನ್ನಬಸಪ್ಪನವರ, ಎದ್ದಿದ್ರ ಗ್ವಾಡಿ ಬಡೀರಿ. ನೀವು ಬಡಿಯೂಮಟಾ ನಾ ಚಾಕ್ಕ ಇಡೂದಿಲ್ಲ. ನನಗ ಚಾ ಇಲ್ಲದ ತಲಿ ಹಿಡಿತೈತಿ, ಆ ಪಾಪ ನಿಮಗ!"

ಒಬ್ಬ ಹೆಂಗಸಿನ ತಲೆನೋವಿನ ಪಾಪವನ್ನೂ ಹೊರುವ ತ್ರಾಣ ನನ್ನಲ್ಲಿರಲಿಲ್ಲ. ಎದ್ದು ಗೋಡೆ ಬಡಿದೆ. ನಿಂತ ಮೇಲೆ ನಿಂತದ್ದಾಯಿತು ಅಂತ ಸ್ನಾನ ಮಾಡಿದೆ. ಅಂದಿನಿಂದ ಇಂದಿನವರೆಗೆ ಆಕೆ ಒಂದು ದಿನವೂ ತಪ್ಪಿಸಿಲ್ಲ. ಹಬ್ಬದಲ್ಲಿ ತನ್ನ ಬಾಯಿಂದ ಏನಾಯಿತು ಅನ್ನುವುದನ್ನು ಆಕೆ ಎತ್ತಿಲ್ಲ, ನಾನೂ ಎತ್ತಿಲ್ಲ. ಗೋಡೆಯ ಎರಡೂ ಕಡೆ ಗಾರೆ ಉದುರಿದೆ.

ಮುಂದಿನ ತಾರೀಖಿಗೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅಣ್ಣ ಕೂತಿದ್ದ. ಸಂತೆ ಚೀಲ ಕಾಲಡಿಗೆ. ನಾನು ಕರೆದಿರಲಿಲ್ಲ.

ಮೇಡಂ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಯಾರೂ ಇಲ್ಲ ಅಂದಿದ್ರೆಲ್ಲ?"

"ಇವನ ಮ್ಯಾಲ ಇನ್ನ ಕೇಸ್ ಹಾಕಾಂವ ನಾನಽ ಅದೇನಿ ನೋಡ್ರಿ," ಅಂದ ಅಣ್ಣ. ಕೇಸಿನ ಕಥೆ ಹೇಳಿದ, ಮೇಡಂ ನಕ್ಕರು. ಆಮೇಲೆ ಅಣ್ಣ ತಲೆ ತಗ್ಗಿಸಿ ಕೇಳಿದ: "ಇದು ನಾವು ಇವನ್ನ ಒಬ್ಬಾಂವನ್ನ ಬಿಟ್ಟದ್ದಕ್ಕ ಬಂತೇನ್ರಿ?"

"ಹಂಗ ಹೇಳಾಕ ಬರೂದಿಲ್ರಿ. ಆದ್ರ ಇನ್ನ ಬಿಡಬ್ಯಾಡ್ರಿ."

ಹಾಗಾಗಿ ಪ್ರತಿ ಐತವಾರ ರಜೆಗೆ ಹೆಬ್ಬಳ್ಳಿಗೆ ಹೋಗುವುದು ಔಷಧದ ಚೀಟಿಗೆ ಸೇರಿತು. ಮೊದಲ ಸಲ ಶೋಭಾಳ ಮುಖ ನೋಡಲಾಗಲಿಲ್ಲ. ಆಕೆ ಶೇಂಗಾ ತುಂಬಿದ ಮೊರ ನನ್ನ ಮುಂದೆ ಸರಿಸಿದಳು.

"ಸುಲೀರಿ ಕಾಕಾ. ತಿನಬ್ಯಾಡ್ರಿ."

ಸ್ವಲ್ಪ ಹೊತ್ತು ಸುಲಿದು ಹೇಳಿದೆ: "ನನ್ನಿಂದ ನಿನ್ನ ಸಂಬಂಧ ಹೋತವಾ."

"ನೀವು ಗುಳಗಿ ತಗೊಂಡ್ರ ಅವರು ಹೆದರತಾರಂದ್ರ, ನಾಳೆ ನಾ ಒಂದು ಜ್ವರದ ಗುಳಗಿ ತಗೊಂಡ್ರ ಏನ್ ಗತಿ?" ಅಂದಳು. ನಗುತ್ತಲೇ ಅಂದಳು, ಆದರೆ ಹುಡುಗ ಆಕೆಗೆ ಮನಸ್ಸಿಗೆ ಬಂದಿದ್ದ ಅಂತ ಆಕೆಯ ಅವ್ವ, ನಮ್ಮ ವೈನಿ, ಆಮೇಲೆ ಹೇಳಿದಳು. ಅದನ್ನು ನಾನು ಮರೆತಿಲ್ಲ. ಮರೆಯಬೇಕೆಂದೂ ಇಲ್ಲ.

ನನ್ನ ದಿನದ ಸಾಲುಗಳ ವಹಿಯನ್ನು ಈಗ ಐತವಾರಕ್ಕೊಮ್ಮೆ ಶೋಭಾಳೇ ತಪಾಸು ಮಾಡುತ್ತಾಳೆ. ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತಾಳೆ.

"ಮಂಗಳವಾರ. 'ಪುಂಡಿಪಲ್ಯ ಮಾಡಿದೆ.' ಉಪ್ಪು ಹಾಕಿದ್ರೋ ಇಲ್ಲೋ, ಅದರ ದಾಖಲೆ ಇಲ್ಲ. ಬುಧವಾರ. 'ಅಂಚೆಯವನ ಜೊತೆ ಮಾತಾಡಿದೆ.' ಏನ್ ಮಾತಾಡಿದ್ರಿ?"

"ಪತ್ರ ಐತೇನು ಅಂದೆ. ಇಲ್ಲ ಅಂದ."

"ಭಾಳ ದೊಡ್ಡ ಮಾತಾತು ಬಿಡ್ರಿ!"

ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಒಂದು ಕ್ಷಣ ತಡವಾಗಿ. ಗುಳಿಗೆ ಯಾವ ದಿನ ಹಿಡಿಯಿತು ಅಂತ ಹೇಳಲಾರೆ. ಒಂದು ಸಂಜೆ ಗೋಕುಲ ರಸ್ತೆಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂತು, ತಿನ್ನಬೇಕು ಅನಿಸಿತು. ನಿಂತು ಎರಡು ತಿಂದೆ. ನಾಲಿಗೆ ಸುಟ್ಟಿತು. ಆ ಸುಡುವಿಕೆ ಎಷ್ಟು ಚೆನ್ನಾಗಿತ್ತು!

ಗುಣವಾಯಿತು ಅಂತ ಬರೆಯುವ ಧೈರ್ಯ ನನಗಿಲ್ಲ. ಗುಳಿಗೆ ಇನ್ನೂ ನಡೆದಿದೆ, ತಾರೀಖುಗಳು ಇನ್ನೂ ಬೀಳುತ್ತವೆ. ಶೋಭಾಳಿಗೆ ಬೇರೆ ಕಡೆಯಿಂದ ಒಂದು ಮಾತು ಬಂದಿದೆ. ಅಣ್ಣ ಈ ಸಲ ಮೊದಲ ದಿನವೇ, ಚಹಾ ಬರುವುದರೊಳಗೆ, ನನ್ನ ರೋಗದ ಹೆಸರು ಹೇಳಿಬಿಟ್ಟಿದ್ದಾನಂತೆ. ಅವರು ಚಹಾ ಕುಡಿದು ಹೋಗಿದ್ದಾರೆ. ಉತ್ತರ ಬಂದಿಲ್ಲ.

ಹೋದ ಸೋಮವಾರ ಗೋಡೆ ಬಡಿದೆ, ಸ್ನಾನ ಮಾಡಿದೆ, ಎಡಗಾಲಿಗೆ ಬೂಟು ಹಾಕಿಕೊಂಡೆ. ಬಲಗಾಲಿನದು ಕೈಯಲ್ಲಿ ಉಳಿಯಿತು.

ಗುರುತಿದ್ದ ಅದೇ ಭಾರ. ಮತ್ತೆ ಬಂತು ಅಂದುಕೊಂಡೆ. ಕೂತೆ. ಆಚೆ ಗಂಗಕ್ಕನ ಒಗ್ಗರಣೆ ಚಟಪಟ ಅಂದಿತು, ಆಕೆ ಸೀನಿದಳು, ಪಾತ್ರೆ ಇಳಿಸಿದಳು. ಇಪ್ಪತ್ತು ನಿಮಿಷವಾಗಿರಬೇಕು.

ಆ ದಿನದ ಸಾಲು: "ಎರಡೂ ಬೂಟು ಹಾಕಿಕೊಂಡೆ."

ಕಾಲುಚೀಲದ ದಾಖಲೆ ಇಲ್ಲ. ಐತವಾರ ಅದರ ವಿಚಾರಣೆ ಇದೆ.