ಕಾರಿನ ಬಾಗಿಲಿಗೆ ಸುರಿದ ನೀರು

ಐವತ್ತರ ದಶಕದ ಕೊನೆಯಲ್ಲಿ ಸೊರಬದ ಸಾಹುಕಾರರೊಬ್ಬರು ನಮ್ಮ ಕೇರಿಯವರನ್ನು ಜಗಲಿ ಹತ್ತಗೊಡುತ್ತಿರಲಿಲ್ಲ. ಆದರೆ ಅವರ ಕಾರಿನ ಬಾಗಿಲೊಳಗೆ ಗಾಜು ಸಿಕ್ಕಿಕೊಂಡಾಗ ಶಿಕಾರಿಪುರದ ಗ್ಯಾರೇಜಿನಿಂದ ನನ್ನನ್ನೇ ಕರೆಸಿದರು.

ಬಾಗಿಲ ಒಳಮೈಗೆ ರೆಕ್ಸಿನ್ ಹೊದಿಸಿದ ರಟ್ಟಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅದು ಹರಿಯುತ್ತದೆ. ಬಿದಿರಿನ ಸೀಳು ತೂರಿಸಿ ಒಂದೊಂದೇ ಕ್ಲಿಪ್ಪನ್ನು ಮೆಲ್ಲಗೆ ಎಬ್ಬಿಸಿದೆ. ಗಾಜು ಸರಿಮಾಡಿ, ಒಂದು ಗೀರೂ ಬೀಳದಂತೆ ರಟ್ಟನ್ನು ಮತ್ತೆ ಕೂರಿಸಿದೆ.

ನಾನಿನ್ನೂ ಅಂಗಳ ದಾಟಿರಲಿಲ್ಲ, ಮೈಲಿಗೆ ಕಳೆಯಲೆಂದು ಆಳು ಬಾಗಿಲ ಒಳಮೈಗೆ ಕೊಡದ ನೀರು ಸುರಿದ.

"ನೀರು ಹಾಕ್ಬೇಡ್ರೀ, ರಟ್ಟು ಉಬ್ತೈತಿ!" ಎಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ.

ವಾರದೊಳಗೆ ಅದು ಹಪ್ಪಳದಂತೆ ಉಬ್ಬಿತು. ಸಾಹುಕಾರರು ಗ್ಯಾರೇಜಿಗೆ ಬಂದು, ನಮ್ಮ ಮಾಲೀಕರ ಮುಂದೆ ನನ್ನತ್ತ ಬೆರಳು ತೋರಿಸಿದರು.

"ನೋಡ್ರೀ, ಇವ್ನು ಮುಟ್ಟಿದ ಬಾಗ್ಲು ಒಂದೇ ಹಾಳಾಗಿರೋದು. ಉಳಿದ ಮೂರೂ ನೆಟ್ಟಗಿದಾವೆ."