ಒದ್ದೆ ಬಟ್ಟೆ ಸುತ್ತಿದ ಮೇಣ

ಬೇಸಿಗೆ ಬಂತೆಂದರೆ ಕೈಗೆ ಸಿಕ್ಕಿದ್ದಕ್ಕೆಲ್ಲ ಒದ್ದೆ ಬಟ್ಟೆ ಸುತ್ತುವುದು ನನ್ನ ಚಾಳಿ. ವೀಳ್ಯದೆಲೆ, ಕೊತ್ತಂಬರಿ, ಮಲ್ಲಿಗೆ ಮೊಗ್ಗು. ಈ ಸಲ ಅಕ್ಕನ ಎದೆಯಿಂದ ತೆಗೆದ ಗಂಟಿಗೂ ಸುತ್ತಿದೆ.

ಗಾಬರಿಯಾಗಬೇಡಿ. ಅಫಜಲಪುರದ ನಮ್ಮಕ್ಕನಿಗೆ ಕಲಬುರಗಿಯಲ್ಲಿ ಆಪರೇಷನ್ ಆಗಿತ್ತು. ಗಂಟು ಹೋಯಿತು, ಕೀಮೋ ಬೇಕೋ ಬೇಡವೋ ಎಂಬ ಪ್ರಶ್ನೆ ಉಳಿಯಿತು. ಕೀಮೋ ಕೊಟ್ಟರೆ ಕೂದಲು ಉದುರುತ್ತದಲ್ಲ, ಅಕ್ಕನಿಗೆ ರೋಗಕ್ಕಿಂತ ತನ್ನ ಜಡೆಯದೇ ಚಿಂತೆ. ತೆಗೆದ ಗಂಟಿನ ಚೂರನ್ನು ಆಸ್ಪತ್ರೆಯವರು ಮೇಣದಲ್ಲಿ ಹುದುಗಿಸಿ ಕಾಪಿಡುತ್ತಾರಂತೆ. ಅದರ ಜೀನ್‌ಗಳನ್ನು ಪರೀಕ್ಷಿಸಿದರೆ ರೋಗ ಮರಳುವ ಸಂಭವ ಎಷ್ಟೆಂದು ಅಂದಾಜು ಸಿಗುತ್ತದಂತೆ. ಆ ಚೂರನ್ನು ಆಸ್ಪತ್ರೆಯಿಂದ ನಾವೇ ತಂದು ಸೋಮವಾರ ಕ್ಯಾನ್ಸರ್ ಡಾಕ್ಟರಿಗೆ ಒಪ್ಪಿಸಬೇಕಿತ್ತು. ಅಲ್ಲಿಯತನಕ ಅದೂ ಅಕ್ಕನೂ ಜೇವರ್ಗಿಯ ನನ್ನ ಮನೆಯ ಅತಿಥಿಗಳು. ನಮ್ಮ ಬಿಸಿಲಿಗೆ ಮೇಣ ಕರಗೀತೆಂದು ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಕೊಡದ ಪಕ್ಕ ಇಟ್ಟೆ.

ಅಕ್ಕ ಕಂಡವಳೇ ಬಟ್ಟೆ ಕಿತ್ತೊಗೆದಳು.

"ಬುದ್ಧಿ ಅದ ಏನ್ ಬೇ ನಿನಗ? ಒದ್ದಿ ಅರಿವ್ಯಾಗ ಇಟ್ರ ಮೊಳಕಿ ಒಡೀತದ!"

ಅವಳ ತಪ್ಪಲ್ಲ. ಬಿತ್ತುವ ಮುಂಚೆ ಕೂಡಿಟ್ಟ ತೊಗರಿಯಲ್ಲಿ ಒಂದು ಹಿಡಿ ತೆಗೆದು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಮೊಳಕೆ ನೋಡುವವರು ನಾವು. ಬೀಜದ ಮನಸ್ಸಿನಲ್ಲಿ ಏನಿದೆಯೆಂದು ಹೊಲಕ್ಕೆ ಹೋಗುವ ಮುಂಚೆಯೇ ಕೇಳಿಕೊಳ್ಳುವ ಉಪಾಯ. ಯೋಚಿಸಿದರೆ ಲ್ಯಾಬಿನವರದೂ ಅದೇ ಕೆಲಸ. ಫರಕು ಇಷ್ಟೇ: ಮೊಳೆಯುವ ಲಕ್ಷಣ ಕಂಡರೆ ನಮಗೆ ಹಿಗ್ಗು, ಅವರಿಗೆ ಚಿಂತೆ.

ಸೋಮವಾರ ಈ ಕಥೆ ಕೇಳಿ ಡಾಕ್ಟರು ನಕ್ಕರು. "ಅದು ಸತ್ತದ್ರಿ ಅಮ್ಮಾ, ಮೊಳಕಿ ಬರಂಗಿಲ್ಲ. ಆದ್ರ ಅದರ ಸ್ವಭಾವ ಅದರಾಗೇ ಉಳದದ."

"ಸತ್ತ ಮ್ಯಾಲೂ ಸ್ವಭಾವ ಬಿಡಂಗಿಲ್ಲಂದ್ರ ನಮ್ಮತ್ತಿ ಪೈಕೀನೇ ಇರಬೇಕು," ಎಂದಳು ಅಕ್ಕ.

ನಗುವೇನೋ ನಕ್ಕಳು. ವರದಿ ಬರುವವರೆಗೆ ಮಾತ್ರ ದಿನವೂ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಕೊನೆಗೆ ಡಾಕ್ಟರು ಹೇಳಿದರು, ಮರಳುವ ಸಂಭವ ಕಡಿಮೆ, ಕೀಮೋ ಬೇಡ, ಗುಳಿಗೆ ಸಾಕು.

"ಅಂದ್ರ ಇನ್ನ ಬರಂಗೇ ಇಲ್ಲೇನ್ರಿ?" ನಾನು ಕೇಳಿದೆ. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಅಂದಳು:

"ಮೊಳಕಿ ನೋಡಿ ಬಿತ್ತಿದ್ರೂ ಮುಗಲ ನೋಡೂದು ಬಿಡ್ತೇವೇನ? ಕರದಾಗೆಲ್ಲ ಬಂದು ತೋರಸ್ತೇನ್ರಿ ಸಾಹೇಬ್ರ."

ವಾಪಸು ಬರುವಾಗ ಬಸ್ಸು ಕಾದ ಹಂಚಾಗಿತ್ತು. ನನ್ನ ಚೀಲದಲ್ಲಿ ನೀರಿನ ಬಾಟಲಿಗೆ ಸುತ್ತಿದ್ದ ಒದ್ದೆ ಬಟ್ಟೆಯನ್ನು ಅಕ್ಕ ಎಳೆದು ತನ್ನ ನೆತ್ತಿಯ ಮೇಲೆ ಹರಡಿಕೊಂಡಳು.

"ಈಗ ಬೇಕಾದ್ರ ಮೊಳಕಿ ಬರ್ಲಿ ತಗೋ."